ಬಿಗಿಯಾಗಿ ಹಿಡಿಯಬಾರದು

ಪೆರಂಬೂರು, ಚೆನ್ನೈ
ಗುರುವಾರ, 14 ಸೆಪ್ಟೆಂಬರ್ 2006

ರೀ,

ಎಂಟು ವರ್ಷದಿಂದ ಬೇರೆ ಬೇರೆ ಇದ್ದರೂ ನಿಮ್ಮನ್ನು ಕರೆಯಲು ನನಗೆ ಇನ್ನೊಂದು ಪದ ಸಿಕ್ಕಿಲ್ಲ. ಮೊದಲು 'ಶ್ರೀಯುತ ಹರಿದಾಸರಾಯರಿಗೆ' ಎಂದು ಬರೆದೆ. ವಿಮಾ ಕಂಪನಿಯ ನೋಟೀಸಿನಂತೆ ಕಂಡಿತು, ಹರಿದು ಹಾಕಿದೆ. ಆಮೇಲೆ ಇಲ್ಲಿ ನಾವು ಕ್ಷೇಮ, ಅಲ್ಲಿ ನಿಮ್ಮ ಕ್ಷೇಮದ ಬಗ್ಗೆ ಬರೆಯಿರಿ ಎನ್ನುವ ಸಾಲು. ನೀವು ಕ್ಷೇಮವಾಗಿಲ್ಲವೆಂದು ಗೊತ್ತಿದ್ದೂ ಕೇಳಿದರೆ ನಾಟಕವಾಗುತ್ತದೆ. ಅದನ್ನೂ ಬಿಟ್ಟಿದ್ದೇನೆ.

ಸೀತಕ್ಕ ದಿನಾ ಫೋನು ಮಾಡುತ್ತಿದ್ದಾರೆ. ತಮ್ಮನ ವಿಷಯಕ್ಕೆ ನನಗೆ ಫೋನು ಮಾಡುವ ಹೆಂಗಸಲ್ಲ ಅವರು, ಅಷ್ಟು ಹೆದರಿದ್ದಾರೆ. ಟಿ. ನಗರದ ಅವರ ಮನೆಯ ಹಿಂದಿನ ಕೋಣೆಯಲ್ಲಿ ನೀವು ಗೋಡೆಗೆ ಮುಖ ಮಾಡಿ ಕೂತಿದ್ದೀರಂತೆ. ಇವತ್ತಿಗೆ ಒಂಬತ್ತು ದಿನ, ತುಳಸಿ ತೀರ್ಥ ಬಿಟ್ಟರೆ ಬಾಯಿಗೆ ಏನೂ ಹೋಗಿಲ್ಲ. ಅನ್ನ ಕಲಸಿ ತಂದರೆ, ನಾನು ಮಹಾಪಾಪಿ, ಅನ್ನ ಮುಟ್ಟುವ ಯೋಗ್ಯತೆ ನನಗಿಲ್ಲ ಎನ್ನುತ್ತೀರಂತೆ. ಏನು ಪಾಪ ಎಂದು ಕೇಳಿದರೆ, ಗೊತ್ತಿಲ್ಲ, ಅದೇ ಹಿಂಸೆ ಎಂದು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತೀರಂತೆ. ಸುಣ್ಣದ ಮೇಲೆ ರಕ್ತದ ಗುರುತಿದೆ ಎಂದು ಸೀತಕ್ಕ ಅತ್ತರು.

ಮಂಗಳವಾರ ನಿಮ್ಮ ಕಾರ್ಡು ಬಂತು. ಕೋಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ ಕೈ, ಒಂದು ಕಾಲದಲ್ಲಿ ಗೆರೆ ಎಳೆದರೆ ಸ್ಕೇಲು ನಾಚಬೇಕಿತ್ತು. ಈಗ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. 'ನನ್ನ ಭುಜ ಮುರಿದವರು ಯಾರು? ಆ ತಿಂಗಳು ನಾನೇನು ಮಾಡಿದೆ? ಎರಡನ್ನೂ ಹೇಳು. ಹೇಳಿದರೆ ಆಸ್ಪತ್ರೆಗೆ ಬರುತ್ತೇನೆ.' ಕೊನೆಯಲ್ಲಿ ಎಂದಿನ ಸಾಲು: 'ಪ್ರಿಯಾಳ ಕಿವಿ ಹೋದದ್ದು ನಿನ್ನಿಂದ. ಜ್ವರದ ಮಗುವನ್ನು ಬಿಟ್ಟು ಡ್ಯೂಟಿಗೆ ಹೋದವಳು ನೀನು.' ಎಂಟು ವರ್ಷದಲ್ಲಿ ನೀವು ಹಾಕಿದ ಒಂದು ಕಾರ್ಡಿನಲ್ಲೂ ಆ ಸಾಲು ತಪ್ಪಿಲ್ಲ. ಅದಕ್ಕೆ ನಾನು ಎಂದೂ ಉತ್ತರ ಬರೆದಿಲ್ಲ, ಇಂದೂ ಬರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಸೀತಕ್ಕನ ಯಜಮಾನರು, ನಮ್ಮ ಶಿವರಾಮು ಭಾವ, ಇಬ್ಬರು ಆಳುಗಳನ್ನೂ ಒಂದು ವ್ಯಾನನ್ನೂ ಗೊತ್ತುಮಾಡಿದ್ದಾರೆ. ಕೈಕಾಲು ಕಟ್ಟಿಯಾದರೂ ತರುತ್ತಾರೆ. ಡಾಕ್ಟರ್ ಶಂಕರನಾರಾಯಣ ಕೂಡ ಇನ್ನು ಕಾಯುವ ಹಾಗಿಲ್ಲ, ಕಿಡ್ನಿ ಕೈಕೊಡುತ್ತದೆ ಎಂದಿದ್ದಾರೆ. ನಾನು ಕಾಲಿಗೆ ಬಿದ್ದು ಭಾನುವಾರದವರೆಗೆ ಸಮಯ ಬೇಡಿದ್ದೇನೆ. ನಿಮ್ಮನ್ನು ಒಮ್ಮೆ ಪಂಚೆಯಲ್ಲಿ ಕಟ್ಟಿ ಆಟೋದಲ್ಲಿ ತುಂಬಿದ್ದನ್ನು ನೋಡಿದ್ದೇನೆ. ಬಾಯಿಂದ ನೊರೆ, ಮೊಣಕೈ ತರಚಿ ರಕ್ತ, ಬೀದಿಯ ಮಕ್ಕಳೆಲ್ಲ ಹಿಂದೆ. ಇನ್ನೊಮ್ಮೆ ಅದನ್ನು ನೋಡಲಾರೆ. ನೀವು ನಿಮ್ಮ ಕಾಲ ಮೇಲೆ ನಡೆದು ಬರಬೇಕು. ಅದಕ್ಕೇ ಈ ಕಾಗದ. ನಾಳೆ ಶಾಲೆ ಮುಗಿಸಿ ಪ್ರಿಯಾ ತಂದುಕೊಡುತ್ತಾಳೆ. ಓದುವಾಗ ಸೀತಕ್ಕ ಪಕ್ಕದಲ್ಲೇ ಕೂತಿರಬೇಕು. ಇದು ಹೆಂಡತಿಯ ಮಾತಲ್ಲ, ನರ್ಸಿನ ಆರ್ಡರು.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿ ಮುಗಿಸುತ್ತೇನೆ. ಎಂಟು ವರ್ಷದ ಹಿಂದಿನ ಆ ತಿಂಗಳು ನೀವು ಏನೂ ಮಾಡಲಿಲ್ಲ. ನನಗೆ ಹೊಡೆದಿರಿ, ಅಷ್ಟೇ. ಅದರ ಮೊದಲ ಭಾಗ ನಿಮಗೇ ನೆನಪಿದೆ. ಗಣೇಶನ ಹಬ್ಬದ ಕಡುಬಿನಲ್ಲಿ ಔಷಧದ ವಾಸನೆ ಎಂದು ತಟ್ಟೆಯನ್ನು ಗೋಡೆಗೆ ಎಸೆದಿರಿ. ಮನೆಯಲ್ಲಿ ನರ್ಸ್ ಇರುವುದೂ ಒಂದೇ, ವಿಷದ ಬಾಟ್ಲಿ ಇರುವುದೂ ಒಂದೇ ಎಂದಿರಿ. ಅಲ್ಲಿಂದ ಮುಂದಿನದು ನಿಮಗೆ ಮರೆತುಹೋಗಿದೆ. ಕೂದಲು ಹಿಡಿದು ಬಚ್ಚಲಿನವರೆಗೆ ಎಳೆದದ್ದು, ಕುಕ್ಕರಿನ ಮುಚ್ಚಳ ಬೀಸಿ ನನ್ನ ಹುಬ್ಬು ಸೀಳಿದ್ದು, ನಾನು ಮಾಡಿದ ಸಾರನ್ನು ನನ್ನ ಬಾಯಿಗೇ ಬಿಸಿಬಿಸಿ ಸುರಿದು 'ಮೊದ್ಲು ನೀನು ಕುಡಿಯೇ' ಎಂದದ್ದು. ಹದಿನೈದು ದಿನ. ನಾಲಿಗೆಯ ಮೇಲೆ ಬೊಬ್ಬೆ ಇಟ್ಟುಕೊಂಡೇ ವಾರ್ಡಿನಲ್ಲಿ ರೋಗಿಗಳಿಗೆ ಸಮಾಧಾನ ಹೇಳುತ್ತಿದ್ದೆ. ಒಂದು ದಿನ ಸಂಜೆ ಜಾಸ್ತಿಯಾಯಿತು, ಬೀದಿಯವರು ಸೇರಿದರು, ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದುಕೊಂಡು ಬಂದೆವು. ಇಷ್ಟೇ. ಇದಕ್ಕಾಗಿ ಯಾರೂ ಅನ್ನ ಬಿಡಬೇಕಾಗಿಲ್ಲ. ಏಟು ತಿಂದವಳೇ ಉಣ್ಣುತ್ತಿದ್ದೇನೆ, ಹೊಡೆದವರಿಗೇನು ಉಪವಾಸ?

ಇನ್ನು ಭುಜ.

ಅದನ್ನು ಹೇಳಲು ನನ್ನ ಕೆಲಸದ ವಿಷಯ ಹೇಳಬೇಕು. ನಾನು ಈಗ ಅದೇ ಆಸ್ಪತ್ರೆಯಲ್ಲಿ ಟ್ಯೂಟರ್. ಆರು ವರ್ಷದಿಂದ ಹೊಸ ನರ್ಸುಗಳಿಗೆ ಶಾಕ್ ಚಿಕಿತ್ಸೆಯ ತರಬೇತಿ ಕೊಡುತ್ತಿದ್ದೇನೆ. ಕಾಗದ ಎಸೆಯಬೇಡಿ, ಪೂರ್ತಿ ಓದಿ. ಮೊದಲ ದಿನ ನಾನು ಪಾಠ ಮಾಡುವುದಿಲ್ಲ. ಮೆಷಿನ್ನಿನ ಪ್ಲಗ್ ಕಿತ್ತು ಎಲ್ಲರ ಕಣ್ಣೆದುರಿಗೆ ಕಿಟಕಿಯಲ್ಲಿಟ್ಟು, ಒಬ್ಬೊಬ್ಬಳನ್ನೇ ಮಂಚದ ಮೇಲೆ ಮಲಗಿಸುತ್ತೇನೆ. ಹಲ್ಲಿನ ನಡುವೆ ರಬ್ಬರು, ಕಣತಲೆಗೆ ಒದ್ದೆ ಪ್ಯಾಡು, ಸುತ್ತ ಆರು ಜನ ಬಗ್ಗಿ ಮುಖ ನೋಡಬೇಕು. ಐದು ನಿಮಿಷ, ಯಾರೂ ಮಾತಾಡುವ ಹಾಗಿಲ್ಲ. ನಗುತ್ತಾ ಹತ್ತಿದವಳು ಅಳುತ್ತಾ ಇಳಿಯುತ್ತಾಳೆ. ಒಬ್ಬಳು ನನ್ನ ಸೀರೆಯ ಮೇಲೆಯೇ ವಾಂತಿ ಮಾಡಿದಳು. ಇವತ್ತಿನ ಪಾಠ ಇಷ್ಟೇ, ಉಳಿದದ್ದು ಪುಸ್ತಕದಲ್ಲಿದೆ ಎಂದು ಕಳಿಸಿಬಿಡುತ್ತೇನೆ.

ಎರಡನೆಯ ದಿನ ಕೈಗಳ ಪಾಠ. ರೋಗಿಯನ್ನು ಹೇಗೆ ಮುಟ್ಟಬೇಕು, ಹೇಗೆ ಹಿಡಿಯಬೇಕು. ಇದನ್ನು ನನಗೆ ಕಲಿಸಿದ್ದು ಡಾಕ್ಟರಲ್ಲ, ಹೊಸೂರು ಕಡೆಯ ಅಟೆಂಡರ್ ತಮ್ಮಯ್ಯ. ಕರೆಂಟು ಕೊಟ್ಟಾಗ ಮೈ ಅದುರುತ್ತದೆ. ಕೀಲು ಆಡಲು ಜಾಗವಿದ್ದರೆ ಅದುರಿ ಸುಮ್ಮನಾಗುತ್ತದೆ. ಒತ್ತಿ ಹಿಡಿದರೆ ಆ ಬಲವೆಲ್ಲ ಮೂಳೆಗೆ ಹೋಗುತ್ತದೆ. 'ಎಣ್ಣೆ ಹಚ್ಚಿದ ಕೂಸನ್ನ ಹಿಡಿದಂಗೆ ಹಿಡೀಬೇಕಮ್ಮಾ. ಕೆಳಕ್ಕೆ ಬೀಳಬಾರ್ದು, ಅಷ್ಟೇಯ' ಎನ್ನುತ್ತಿದ್ದ. ನಾನು ಅದನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುತ್ತೇನೆ: ಬಿಗಿಯಾಗಿ ಹಿಡಿಯಬಾರದು. ಬರೆಸುವಾಗಲೆಲ್ಲ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ನನ್ನ ಬಲಭುಜಕ್ಕೆ ಹೋಗುತ್ತದೆ. ಹುಡುಗಿಯರು ಸಿಸ್ಟರಿಗೆ ಭುಜ ನೋವು ಎಂದುಕೊಂಡಿದ್ದಾರೆ. ಒಬ್ಬಳು ನೋವಿನೆಣ್ಣೆ ತಂದುಕೊಟ್ಟಿದ್ದಳು.

ಕಳೆದ ಶುಕ್ರವಾರ ಒಂದು ಪ್ರಸಂಗ ನಡೆಯಿತು. ಮಣಲಿಯಿಂದ ಬಂದ ಹೆಂಗಸೊಬ್ಬಳು ವಾರ್ಡಿನಲ್ಲಿದ್ದಾಳೆ, ಬಾಣಂತಿ, ಹೆರಿಗೆಯಾದ ಮೇಲೆ ತಲೆ ಕೆಟ್ಟಿದೆ. ಗುರುವಾರ ಆಕೆ ನನ್ನ ಶಿಷ್ಯೆ ಶಾಲಿನಿಯ ಮುಂಗೈ ಕಚ್ಚಿದಳು. ಸುಮ್ಮನೆ ಕಚ್ಚಿದ್ದಲ್ಲ, ಮಾಂಸ ಬಂತು. ಬಿಡಿಸಲು ಮೂವರು ಬೇಕಾದರು. ಮರುದಿನ ಬೆಳಿಗ್ಗೆ ಅದೇ ಹೆಂಗಸು ಮಂಚದ ಮೇಲೆ, ಶಾಲಿನಿ ಆಕೆಯ ಮಣಿಕಟ್ಟು ಹಿಡಿದು ನಿಂತಿದ್ದಳು. ನಿದ್ದೆಯ ಇಂಜೆಕ್ಷನ್ ಒಳಗೆ ಹೋಗುತ್ತಿತ್ತು. ಆಕೆಯ ಕಣ್ಣು ಅಗಲವಾಯಿತು, ನಾಲಿಗೆ ಏಳಲಿಲ್ಲ. ಏನೆಂದು ಬಗ್ಗಿ ನೋಡಿದರೆ ಶಾಲಿನಿಯ ನಾಲ್ಕೂ ಉಗುರು ಆಕೆಯ ಚರ್ಮದೊಳಗಿವೆ, ಸುತ್ತ ರಕ್ತ ತುಂಬಿದೆ. ನಾನು ಶಾಲಿನಿಯ ಮುಖ ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಬರೆಯುವ ಗುಮಾಸ್ತೆಯ ಹಾಗೆ ಶಾಂತವಾಗಿತ್ತು.

ಚಿಕಿತ್ಸೆ ಮುಗಿದು ಆ ಹೆಂಗಸಿಗೆ ಎಚ್ಚರವಾದ ಮೇಲೆ ಶಾಲಿನಿಯ ಜಡೆ ಹಿಡಿದು ವರಾಂಡಕ್ಕೆ ಎಳೆದು ತಂದೆ. ಎರಡು ಕೆನ್ನೆಗೂ ಹೊಡೆದೆ. ತುಟಿ ಒಡೆಯಿತು. ಮೂರನೆಯದಕ್ಕೆ ಕೈ ಎತ್ತಿದಾಗ ಅವಳು ತಮಿಳಿನಲ್ಲಿ 'ನೀಂಗ ಮಟ್ಟುಂ ಅಡಿಕ್ಕಲಾಮಾ ಸಿಸ್ಟರ್?' ಎಂದಳು. ನೀವು ಮಾತ್ರ ಹೊಡೆಯಬಹುದಾ ಎಂದು. ಕೈ ಅಲ್ಲೇ ನಿಂತಿತು. ನನ್ನನ್ನು ಒಂದು ವಾರ ಮನೆಯಲ್ಲಿರಿಸಿದ್ದಾರೆ. ಅದಕ್ಕೇ ಹಗಲು ಹೊತ್ತಿನಲ್ಲಿ ಇಷ್ಟುದ್ದ ಕಾಗದ ಬರೆಯಲು ಪುರುಸೊತ್ತು. ತಪ್ಪೊಪ್ಪಿಗೆ ಬರೆದುಕೊಡು ಎಂದಿದ್ದಾರೆ, ಬರೆದುಕೊಟ್ಟೆ. ಆದರೆ ನಾನು ಬರೆಯಬೇಕಾದ ತಪ್ಪೊಪ್ಪಿಗೆ ಅದಲ್ಲ, ಅದು ಸೂಪರಿಂಟೆಂಡೆಂಟರಿಗೆ ಬರೆಯುವಂಥದ್ದೂ ಅಲ್ಲ. ಶಾಲಿನಿಯ ಆ ಶಾಂತ ಮುಖ ನಾನು ಬಲ್ಲೆ. ಒಂದು ದಿನ ಬೆಳಿಗ್ಗೆ ನಾನದನ್ನು ಹಾಕಿಕೊಂಡಿದ್ದೆ.

ಓದಿ. ಅಂದು ಆ ಕೋಣೆಯಲ್ಲಿ ನಾಲ್ಕು ಜನ ಬೇಕಿತ್ತು, ಎರಡು ಭುಜಕ್ಕೆ ಇಬ್ಬರು, ಸೊಂಟ ಮತ್ತು ಮೊಣಕಾಲಿಗೆ ಇಬ್ಬರು. ನಿಮ್ಮ ಎಡಕ್ಕೆ ತಮ್ಮಯ್ಯ ನಿಂತಿದ್ದ. ಬಲಕ್ಕೆ ನಿಲ್ಲಬೇಕಾದವನು ರಜೆಯಲ್ಲಿದ್ದ. ಡಾಕ್ಟರ್, ಅಂಬುಜಾ ನೀನು ಹೊರಗಿರು, ಮನೆಯವರು ಒಳಗೆ ಬೇಡ ಎಂದರು. ನಾನಿಲ್ಲಿ ಸ್ಟಾಫು ಡಾಕ್ಟರ್ ಎಂದೆ. ಬಂದು ಬಲಕ್ಕೆ ನಿಂತೆ. ಕರೆಂಟು ಹಿಡಿಯಬೇಕಾದರೆ ಕಣತಲೆ ಶುಚಿಯಾಗಿರಬೇಕು. ಅಲ್ಲಿ ನಿಮ್ಮ ಗೋಪೀಚಂದನದ ಮುದ್ರೆ ಇತ್ತು. ಒಬ್ಬಳು ಸ್ಪಿರಿಟ್ ಹತ್ತಿಯಿಂದ ಗಸಗಸ ಉಜ್ಜಿದಳು. 'ಮುದ್ರೆ ಅಳಿಸ್ಬೇಡ್ರೋ, ಅಂಬೂ ನೀನಾದ್ರೂ ಹೇಳೇ' ಎಂದು ಕೂಗಿದಿರಿ. ನಾನು ಹೇಳಲಿಲ್ಲ. ಆಗ ನಮ್ಮಲ್ಲಿ ಅರಿವಳಿಕೆ ಕೊಡುವ ಡಾಕ್ಟರಿರಲಿಲ್ಲ, ಎಚ್ಚರದಲ್ಲೇ ಕೊಡುತ್ತಿದ್ದರು. ಬಾಯಿಗೆ ರಬ್ಬರು ತುರುಕುವವರೆಗೂ ನನ್ನನ್ನೇ ನೋಡುತ್ತಿದ್ದಿರಿ.

ನಾನು ಎಡಗೈಯನ್ನು ನಿಮ್ಮ ಭುಜದ ಮೇಲೂ ಬಲಗೈಯನ್ನು ಮೊಣಕೈ ಮೇಲೂ ಇಟ್ಟೆ. ಆಮೇಲೆ ಮಂಚದ ಮೇಲೆ ಮೊಣಕಾಲೂರಿ ಪೂರ್ತಿ ಭಾರ ಹಾಕಿದೆ. ತಮ್ಮಯ್ಯ ನೋಡಿದ. 'ಅಮ್ಮಾ, ಸಡ್ಲ, ಸಡ್ಲ ಬಿಡಿ' ಎಂದ. ಕೇಳಿಸಿತು. ಇನ್ನೂ ಒತ್ತಿದೆ. ಗುಂಡಿ ಅದುಮಿದರು. ನಿಮ್ಮ ಮೈ ಬಿಲ್ಲಿನಂತೆ ಎದ್ದಿತು, ದವಡೆ ಕಚ್ಚಿಕೊಂಡಿತು, ರಬ್ಬರಿನ ಪಕ್ಕದಿಂದ ರಕ್ತ ಹರಿಯಿತು. ನನ್ನ ಅಂಗೈ ಕೆಳಗೆ ಹಸಿ ಕಬ್ಬು ಮುರಿದ ಸದ್ದಾಯಿತು. ಅದು ಕೇಳಿದ ಮೇಲಾದರೂ ಬಿಡಬೇಕಿತ್ತು. ಬಿಡಲಿಲ್ಲ. ಮೈ ಅದುರುವುದು ನಿಲ್ಲುವವರೆಗೆ, ನಲವತ್ತು ಸೆಕೆಂಡಿಗೂ ಹೆಚ್ಚು, ಮುರಿದ ಭುಜವನ್ನು ಒತ್ತಿಕೊಂಡೇ ಇದ್ದೆ. ನಿಮ್ಮ ಭುಜ ಮುರಿದವಳು ನಾನು. ಮೆಷಿನ್ನಲ್ಲ, ಡಾಕ್ಟರಲ್ಲ, ನೀವು ಇಷ್ಟು ವರ್ಷ ಶಾಪ ಹಾಕುತ್ತಾ ಬಂದ ತಮ್ಮಯ್ಯನಲ್ಲ. ನಿಯಮ ಗೊತ್ತಿಲ್ಲದೆ ಆದ ತಪ್ಪೂ ಅಲ್ಲ.

ಕೇಸ್ ಶೀಟಿನಲ್ಲಿ 'ಚಿಕಿತ್ಸೆಯ ವೇಳೆ ಬಲಭುಜಕ್ಕೆ ಪೆಟ್ಟು' ಎಂದು ನನ್ನ ಕೈಯಾರೆ ಬರೆದೆ. ತಮ್ಮಯ್ಯ ಯಾರಿಗೂ ಹೇಳಲಿಲ್ಲ. ನಿವೃತ್ತಿಯ ದಿನ ಮಾತ್ರ ನನ್ನ ಹತ್ತಿರ ಬಂದು, ಪಾಪ ಆವಯ್ಯನ ಕೈ ಈಗ ಹೆಂಗದೆ ಎಂದು ಕೇಳಿದ. ಏನು ಹೇಳಲಿ? ಆ ಕೈಯಿಂದ ನೀವು ಲೇತ್ ಮೆಷಿನ್ ಮುಟ್ಟಲಾಗದೆ ಫ್ಯಾಕ್ಟರಿಯ ಉಗ್ರಾಣದಲ್ಲಿ ಚೀಟಿ ಬರೆಯುತ್ತಿದ್ದೀರಿ, ಮಂಗಳಾರತಿ ಎತ್ತಲು ಎಡಗೈ ಆಸರೆ ಬೇಕು ಎಂದು ಹೇಳಲೇ? ನೀವು ದೀಪಾವಳಿ ಮುಗಿದೊಡನೆ ಸೀತಕ್ಕನ ಮನೆಗೆ ಹೋದಾಗ, ಕರೆಂಟು ಕೊಡಿಸಿದವಳ ಕೈಯಲ್ಲಿ ಉಣ್ಣಲಾರೆ ಎಂದಿರಿ. ನನಗೆ ಒಳಗೊಳಗೇ ಸಮಾಧಾನವಾಯಿತು. ಕರೆಂಟಿಗೆ ತಾನೇ ಬೈದದ್ದು ಎಂದುಕೊಂಡೆ. ಎಂಥ ಹೆಂಗಸು ನೋಡಿ.

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತೀರಿ. ಸಿಟ್ಟು ರೀ. ಹದಿನೈದು ದಿನ ತಿಂದ ಏಟಿನ ಸಿಟ್ಟು. ಅಷ್ಟೇ ಎಂದು ತಿಳಿದುಕೊಳ್ಳಿ.

ಈಗ ಹೇಗೆಂದು ಹೇಳುತ್ತೇನೆ. ನಾನು ಬೆಂಗಳೂರಿಗೆ ಹೋಗಿ ಆರು ವಾರ ಕಲಿತು ಬಂದದ್ದು, ಬಂದವಳು ನಮ್ಮಲ್ಲಿ ಅರಿವಳಿಕೆ ಡಾಕ್ಟರಿಲ್ಲದೆ ಇನ್ನು ಗುಂಡಿ ಮುಟ್ಟಕೂಡದೆಂದು ಜಗಳವಾಡಿದ್ದು, ಎಲ್ಲ ಆ ಸದ್ದು ಕಿವಿಯಲ್ಲಿದ್ದದ್ದರಿಂದ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿರಬೇಕು. ಇದನ್ನು ಎಲ್ಲರಿಗೂ ನಾಲ್ಕು ಸಲ ಹೇಳಬೇಕು, ನಿಮಗೆ ಹೇಳುವ ಕಷ್ಟವಿಲ್ಲ, ಒಂಬತ್ತು ದಿನ ಮುಂಚೆಯೇ ಶುರು ಮಾಡಿದ್ದೀರಿ. ತಲೆಗೆ ಎಣ್ಣೆ ಇರಬಾರದು, ಚರ್ಮ ಸುಡುತ್ತದೆ. ಮುದ್ರೆಯನ್ನು ನಿಮ್ಮನ್ನು ಕೇಳಿಯೇ ಅಳಿಸುತ್ತಾರೆ, ಸ್ಪಿರಿಟ್ಟಿನಿಂದಲ್ಲ, ಬೆಚ್ಚಗಿನ ನೀರಿನಿಂದ. ಗೋಪೀಚಂದನದ ಪೆಟ್ಟಿಗೆ ತನ್ನಿ, ಎದ್ದ ಮೇಲೆ ಹಚ್ಚಿಕೊಳ್ಳುವಿರಂತೆ. ಈ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ನಾನು ಸೇರಿಸಿದ್ದು.

ಆಮೇಲೆ ನಿದ್ದೆಯ ಇಂಜೆಕ್ಷನ್, ಅದರ ಹಿಂದೆ ಮೈಯ ಬಿಗಿ ಸಡಿಲಿಸುವ ಇಂಜೆಕ್ಷನ್. ಎರಡನೆಯದಕ್ಕೆ ಮುಂಚೆ ಒಂದು ಕಾಲಿಗೆ ಬಿ.ಪಿ. ನೋಡುವ ಪಟ್ಟಿ ಬಿಗಿದು ಆ ಮದ್ದು ಪಾದಕ್ಕೆ ಇಳಿಯದಂತೆ ತಡೆಯುತ್ತೇವೆ. ಮೈಯೆಲ್ಲ ಸುಮ್ಮನೆ ಮಲಗಿರುತ್ತದೆ, ಆ ಒಂದು ಪಾದ ಮಾತ್ರ ಕಂಪಿಸುತ್ತದೆ. ಅದನ್ನು ನೋಡಿಯೇ ನಾವು ಸೆಕೆಂಡು ಎಣಿಸುವುದು. ಭುಜ ಒತ್ತುವವರು ಬೇಡ, ಮೊಣಕಾಲು ಹಿಡಿಯುವವರು ಬೇಡ. ಹುಡುಗಿಯರು ಮೊದಲ ಸಲ ನೋಡಿದಾಗ, ಇಷ್ಟೇನಾ ಸಿಸ್ಟರ್ ಎಂದು ನಿರಾಸೆಯಿಂದ ಕೇಳುತ್ತಾರೆ. ಸಿನಿಮಾದಲ್ಲಿ ನೋಡಿದ್ದೇ ಬೇರೆಯಲ್ಲವೇ! ಸುಳ್ಳು ಹೇಳುವುದಿಲ್ಲ, ಸ್ವಲ್ಪ ನೆನಪು ಈ ಸಲವೂ ಹೋಗಬಹುದು, ಎದ್ದಾಗ ತಲೆ ನೋಯುತ್ತದೆ. ಆದರೆ ಆರೇಳು ಸಲ ಆಗುವಷ್ಟರಲ್ಲಿ ನೀವು ಸೀತಕ್ಕನ ಹುಳಿಗೆ ಉಪ್ಪು ಸಾಲದು ಎಂದು ಗೊಣಗುತ್ತೀರಿ. ಅಂಥವರನ್ನು ನೂರಾರು ಜನ ನೋಡಿದ್ದೇನೆ. ಅನ್ನ ಬಿಟ್ಟವರಿಗೆ ಇದಕ್ಕಿಂತ ಬೇಗ ಕೆಲಸ ಮಾಡುವ ಮದ್ದು ನನಗೆ ಗೊತ್ತಿಲ್ಲ.

ನಾನು ಆ ಕೋಣೆಯೊಳಗೆ ಇರುವುದಿಲ್ಲ. ಇದು ನಾನೇ ಹಾಕಿಕೊಂಡ ಶಿಕ್ಷೆ. ಪಕ್ಷಮಾಸ ಮುಗಿಯಲಿ, ಅಮಾವಾಸ್ಯೆ ಕಳೆಯಲಿ ಎಂದು ಸೀತಕ್ಕ ರಾಗ ಎಳೆದರೆ, ಕಿಡ್ನಿ ಪಂಚಾಂಗ ನೋಡುವುದಿಲ್ಲ ಎಂದು ನಾನು ಹೇಳಿದೆನೆಂದು ಹೇಳಿ. ಶನಿವಾರ ಬಂದು ಸೇರಿ, ಎರಡು ದಿನ ಡ್ರಿಪ್ ಹಾಕುತ್ತಾರೆ, ಸೋಮವಾರ ಮೊದಲ ಚಿಕಿತ್ಸೆ. ನನ್ನ ಮೇಲಿನ ಸಿಟ್ಟಿಗಾದರೂ ಬನ್ನಿ. ಬಂದು ವಾಸಿಯಾಗಿ, ಆಮೇಲೆ ನನ್ನ ಭುಜ ಮುರಿಯಿರಿ, ಬೇಡವೆನ್ನುವುದಿಲ್ಲ. ಹಸಿದು ಸತ್ತು ಗೆಲ್ಲಬೇಡಿ.

ಇಂತಿ
ನೀವು ಬಂದರೆ ಬಾಗಿಲಲ್ಲಿ ನಿಂತಿರುವ,
ಅಂಬುಜಾ

ತಾ.ಕ. (ಶುಕ್ರವಾರ ಬೆಳಿಗ್ಗೆ)

ನಿನ್ನೆ ಸಂಜೆ ಲಕೋಟೆ ಅಂಟಿಸುವ ಮೊದಲು ಪ್ರಿಯಾ ಕಾಗದ ಕಿತ್ತುಕೊಂಡು ಓದಿದಳು. ಓದಿ, ಬಟ್ಟೆ ಒಣಹಾಕುವ ಜಾಗದಲ್ಲಿ ಹೋಗಿ ನಿಂತಳು. ತಿರುಗಿ ಬಂದು, 'ಅಮ್ಮಾ, ಅಪ್ಪ ಎರಡು ಕೇಳ್ವಿ ಕೇಳಿದಾರೆ, ನೀ ಪಾದಿ ತಾನ್ ಬರ್ದಿದ್ದೀ. ಇನ್ನರ್ಧ ನೀ ಬರೀತೀಯಾ, ನಾ ಬರೀಲಾ?' ಎಂದಳು. ಹದಿನಾರು ವರ್ಷ ಅವಳಿಗೆ. ಇನ್ನರ್ಧ ನಾನೇ ಬರೆಯುತ್ತಿದ್ದೇನೆ. ಮೇಲೆ ನೀವು ಏನೂ ಮಾಡಲಿಲ್ಲ ಎಂದು ಬರೆದದ್ದು ಸುಳ್ಳು. ಆ ಸುಳ್ಳು ನಿಮ್ಮನ್ನು ಕಾಪಾಡುತ್ತದೆ ಎಂದುಕೊಂಡಿದ್ದೆ. ಒಂಬತ್ತು ದಿನದಿಂದ ಅದೇ ನಿಮ್ಮನ್ನು ತಿನ್ನುತ್ತಿರುವ ಹಾಗಿದೆ.

ನಿಮ್ಮನ್ನು ಕಟ್ಟಿ ತಂದ ದಿನ ಸಂಜೆ ನಾನು ಡ್ಯೂಟಿಯಲ್ಲಿದ್ದೆ, ಅದು ನಿಜ. ಪ್ರಿಯಾ ಶಾಲೆಯಿಂದ ಬಂದು ಹಾಲು ಕುಡಿದಳು. ಅದರಲ್ಲಿ ನಾನು ವಿಷ ಬೆರೆಸಿದ್ದೇನೆ ಎಂದು ನಿಮಗೆ ಖಚಿತವಾಗಿತ್ತು. ಕಕ್ಕಿಸಲು ಅವಳ ಗಂಟಲಿಗೆ ಬೆರಳು ಹಾಕಿದಿರಿ. ಅವಳು ಕಚ್ಚಿದಳು. ನಿಮ್ಮ ಬಲಗೈ ತೋರುಬೆರಳ ಗೆಣ್ಣಿನ ಮೇಲೆ ಒಂದು ಕಲೆಯಿದೆಯಲ್ಲ, ಎಲ್ಲಿ ಆಯಿತೋ ಎನ್ನುತ್ತಿದ್ದಿರಿ, ಅದು ಅವಳ ಹಲ್ಲು. ಕಚ್ಚಿದ್ದಕ್ಕೆ, ವಿಷ ತಲೆಗೇರಿತು ಎಂದು ದೇವರ ಮುಂದಿನ ಹಿತ್ತಾಳೆ ಚೊಂಬಿನಿಂದ ಅವಳ ಎಡಗಿವಿಯ ಮೇಲೆ ಮೂರು ಸಲ ಹೊಡೆದಿರಿ. ಪಕ್ಕದ ಮನೆಯವರು ಕರೆಸಿ ನಾನು ಓಡಿ ಬಂದಾಗ ಅವಳ ಕಿವಿಯಿಂದ ಹರಿದ ರಕ್ತದಲ್ಲಿ ಶಾಲೆಯ ಬಿಳಿ ಅಂಗಿ ತೊಯ್ದಿತ್ತು. ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಸವರುತ್ತಾ, 'ಇಳೀತು ಕಣೇ, ವಿಷ ಎಲ್ಲಾ ಇಳೀತು' ಎಂದಿರಿ. ಕಣ್ಣಲ್ಲಿ ನೀರಿತ್ತು. ನೀವು ಅವಳನ್ನು ಉಳಿಸುತ್ತಿದ್ದಿರಿ. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ ಮರುದಿನ ಬೆಳಿಗ್ಗೆ ನಿಮ್ಮ ಭುಜ ಒತ್ತಿದೆ. ನನಗೆ ಬಿದ್ದ ಏಟಿಗಾಗಿ ಅಲ್ಲ.

ಇದೇ ನಿಮ್ಮ ಪಾಪ. ಇದಕ್ಕೆ ಹೆಸರಿದೆ, ದಿನವಿದೆ, ಕಾಯಿಲೆ ಎಂಬ ಕಾರಣವಿದೆ. ಇದಕ್ಕಿಂತ ಒಂದು ಗುಂಜಿಯೂ ಹೆಚ್ಚಿಲ್ಲ.

ಜ್ವರದ ಕಥೆ ಕಟ್ಟಿದ್ದು ನಾನಲ್ಲ. ದೀಪಾವಳಿಗೆ ನೀವು ಆಸ್ಪತ್ರೆಯಿಂದ ಮನೆಗೆ ಬಂದಾಗ, ಯಾಕೆ ಮರಿ, ಕರೆದರೆ ಆ ಕಡೆ ತಿರುಗುತ್ತೀಯಲ್ಲ ಎಂದು ಅವಳನ್ನೇ ಕೇಳಿದಿರಿ. ಒಲೆಯ ಮುಂದೆ ನಾನು ಕಲ್ಲಾಗಿ ನಿಂತೆ. ಎಂಟು ವರ್ಷದ ಮಗು, ಯಾರೂ ಹೇಳಿಕೊಟ್ಟಿರಲಿಲ್ಲ, ಜ್ವರ ಬಂದಿತ್ತಪ್ಪಾ ಎಂದಳು. ಯಾಕೆ ಹಾಗೆ ಹೇಳಿದೆ ಎಂದು ಇಷ್ಟು ವರ್ಷದ ಮೇಲೆ ನಿನ್ನೆ ಕೇಳಿದೆ. 'ಅಪ್ಪನಿಗೆ ಆಗ್ಲೇ ಒಂದ್ ಕೈ ಮುರಿದಿತ್ತಲ್ಲಮ್ಮಾ' ಎಂದಳು.

ಅವಳು ಈಗ ನಿಮ್ಮ ಎಡಕ್ಕೆ ಕೂತಿರುತ್ತಾಳೆ, ಕೇಳುವ ಕಿವಿ ನಿಮ್ಮ ಕಡೆಗಿರಲಿ ಎಂದು. ನೀವು ಏಳುವವರೆಗೆ ಅವಳೂ ಏಳುವುದಿಲ್ಲವಂತೆ. ಸೋಮವಾರ ನಿಮಗೆ ನಿದ್ದೆ ಬರುವವರೆಗೆ ಕೈ ಹಿಡಿದಿರುತ್ತೇನೆಂದು ಹಟ ಮಾಡಿದ್ದಾಳೆ, ಡಾಕ್ಟರನ್ನು ಒಪ್ಪಿಸಿದ್ದೇನೆ. ಹೇಗೆ ಹಿಡಿಯಬೇಕೆಂದು ನಿನ್ನೆ ಅಡುಗೆಮನೆಯಲ್ಲಿ ಕಲಿಸಿಕೊಟ್ಟೆ.